ಹಾಸ್ಟೆಲ್ ತಾಟಿಗೂ ರೊಟ್ಟಿ ಬರಲಿ

ಮಾನ್ಯರೇ,

ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯೆ, ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ ಇರಲೇಬೇಕು. ನಮ್ಮವ್ವ ಬಡಿಸುತ್ತಿದ್ದ ಊಟ ಇದು. 'ಮೊದಲ ತಪ್ಪಲ (ಸೊಪ್ಪು) ತಿನ್ನು, ಆಮ್ಯಾಲ ಅನ್ನ' ಅನ್ನುತ್ತಿದ್ದಳು. ಅನ್ನ ಕೊನೆಗೆ, ಅದೂ ಒಂದು ಹಿಡಿ.

ಚಟ್ನಿಪುಡಿಗೆ ಅಗಸಿ (ಅಗಸೆ) ಬೀಜವನ್ನು ಹದವಾಗಿ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟುತ್ತಿದ್ದಳು. ಇಡೀ ಕಾಳು ನುಂಗಿದರೆ ಮೈಗೆ ಹತ್ತೋದಿಲ್ಲ ಎನ್ನುವುದು ಅವಳ ಮಾತು. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಇದೆ, ಪುಡಿ ಮಾಡಿ ತಿಂದರೇ ಅದು ಚೆನ್ನಾಗಿ ದಕ್ಕುತ್ತದೆ ಎಂದು ಆಹಾರ ತಜ್ಞರೂ ಹೇಳುತ್ತಾರೆ.

ನನ್ನ ಮಗಳು ಈಗ ಹುಬ್ಬಳ್ಳಿಯ ಹಾಸ್ಟೆಲ್ ಒಂದರಲ್ಲಿದ್ದಾಳೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ. ಜೋಳ ಬೆಳೆಯುವ ನಾಡಿನಲ್ಲೇ ಹೀಗೆ! ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಜೋಳವೂ ಅದರಲ್ಲಿತ್ತು. ನಮ್ಮ ಮಕ್ಕಳ ತಾಟಿಗೆ ಮಾತ್ರ ಬರಲಿಲ್ಲ.

ಅಷ್ಟು ಮಂದಿಗೆ ದಿನಾ ರೊಟ್ಟಿ ಬಡಿಯೋದು ಕಷ್ಟ, ಒಪ್ಪುತ್ತೇನೆ. ಆದರೆ ಗದಗ, ಹುಬ್ಬಳ್ಳಿ, ಧಾರವಾಡ ಎಲ್ಲ ಕಡೆ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ. ಅವರಿಂದಲೇ ಕೊಂಡರೆ ಅವರ ಮನೆಯೂ ನಡೆಯುತ್ತದೆ, ಅಲ್ವಾ?

ವಾರಕ್ಕೆ ಮೂರು ದಿನವಾದರೂ ಹಾಸ್ಟೆಲ್‌ಗಳಲ್ಲಿ ರೊಟ್ಟಿ, ಕಾಳುಪಲ್ಯ, ಚೆನ್ನಾಗಿ ತೊಳೆದ ಹಸಿ ತಪ್ಪಲು ಕೊಡಬೇಕು. ಸಂಬಂಧಪಟ್ಟವರು ಮುಂದಿನ ಶೈಕ್ಷಣಿಕ ವರ್ಷದ ಊಟದ ಪಟ್ಟಿಯಲ್ಲೇ ಇದನ್ನು ಸೇರಿಸಲಿ.

– ಒಬ್ಬ ತಾಯಿ, ಬೆಟಗೇರಿ, ಗದಗ