ಬಿದಿರಿಲ್ಲದ ಆ ವರ್ಷಗಳು

ಪುಟ್ಟಿ,

ಊರಿನ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. "ಮರವೇ ಇಲ್ಲದ ಮೇಲೆ ಬುಟ್ಟಿ ಹೆಣೆಯೋದು ಕಲಿತು ಏನು ಮಾಡಲಿ ಮಾವ?"

ನೀವಲ್ಲಿ ಬುಟ್ಟಿಗೆ ಪಟ್ಟಿ ತೆಗೆಯುವ ಬ್ಲ್ಯಾಕ್ ಆಶ್ ಮರವನ್ನು ಕೊಲ್ಲುತ್ತಿರುವುದು ಅರ್ಧ ಇಂಚಿನ ಹಸಿರು ಹುಳು. 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರ ಸಿಕ್ಕಿದ್ದು 2018ಕ್ಕೆ ನೀನಿರುವ ಮೇನ್ ರಾಜ್ಯಕ್ಕೂ ಬಂತಂತೆ. ಸೌದೆ ಜೊತೆ ಊರೂರು ಸುತ್ತುತ್ತದೆ, ಸೌದೆ ಸಾಗಿಸಬಾರದು ಅಂತಲೂ ಬರೆದಿದ್ದೀಯ. ನನಗೆ ಹೇಳಿ ಏನು ಬಂತು, ಇಲ್ಲಿ ಗ್ಯಾಸ್ ಇದೆ! ನಮ್ಮ ಕುಟ್ಟೆ ಹುಳು ಕಡಿದ ಬಿದಿರನ್ನು ತಿನ್ನುತ್ತದೆ. ಅಮಾವಾಸ್ಯೆ ನೋಡಿ ಕಡಿದು ನೀರಲ್ಲಿ ನೆನೆಹಾಕುತ್ತಿದ್ದೆವು. ನಿಮ್ಮ ಹಸಿರು ಹುಳು ನಿಂತ ಮರವನ್ನೇ ತೊಗಟೆಯ ಕೆಳಗೆ ಕೊರೆದು ಕೊಲ್ಲುತ್ತದಲ್ಲ. ಬ್ಲ್ಯಾಕ್ ಆಶ್ ದಿಮ್ಮಿಯನ್ನೂ ನೀರಲ್ಲಿ ಮುಳುಗಿಸಿಟ್ಟರೆ ಹುಳು ಸಾಯುತ್ತದೆ, ಪಟ್ಟಿ ಕೆಡುವುದಿಲ್ಲ ಅಂತ ಓದಿ ಸ್ವಲ್ಪ ಸಮಾಧಾನವಾಯಿತು.

ಆದರೂ ಆ ಸಾಲು ಬಿಡುತ್ತಿಲ್ಲ. ಯಾಕೆಂದರೆ ಅದು ನನ್ನದೇ ಮಾತು.

ಬಿದಿರು ಹೂ ಬಿಟ್ಟ ವರ್ಷ ನೀನಿನ್ನೂ ಹುಟ್ಟಿರಲಿಲ್ಲ. ಮೆಳೆಗೆ ಮೆಳೆಯೇ ಒಣಗಿತು. ಜನ ಬಿದಿರಕ್ಕಿ ಗುಡಿಸಿ ತಂದು ಪಾಯಸ ಮಾಡಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ನಿನ್ನ ಭಾವನಿಗೆ ಆಗ ಹತ್ತು ವರ್ಷ, ಕಲಿಸು ಅಂತ ಪಕ್ಕದಲ್ಲೇ ಕೂರುತ್ತಿದ್ದ. "ಬಿದಿರೇ ಇಲ್ಲ, ಏನು ಕಲಿಸೋದು" ಅಂದು ಎಬ್ಬಿಸಿ ಕಳಿಸಿದೆ. ಪೇಟೆಗೆ ಹೋಗಿ ವಾಚ್‌ಮನ್ ಆದೆ. ಬಿದ್ದ ಬೀಜದಿಂದ ಬಿದಿರು ಮತ್ತೆ ಎದ್ದಿತು. ಅದು ಬಲಿತ ಮೇಲೆ ಬಂದು ಕತ್ತಿ ಹಿಡಿದೆ. ಸೀಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಮೊರದ ಅಂಚು ಕಟ್ಟಿದರೆ ಕೂರಲೇ ಇಲ್ಲ. ಆ ಸಲ ಗೌರಿ ಹಬ್ಬಕ್ಕೆ ನಿನ್ನತ್ತೆ ಬಾಗಿನದ ಮೊರವನ್ನು ಸಂತೆಯಲ್ಲಿ ಕೊಂಡು ತಂದಳು. ಮೇದರ ಮನೆಗೆ ದುಡ್ಡು ಕೊಟ್ಟ ಮೊರ!

ಅಲ್ಲಿ ಆಶ್ ಬೀಜ ಕೂಡಿಡುತ್ತಿದ್ದಾರೆ ಅಂತೀಯ. ಒಳ್ಳೇದು. ಬೀಜ ಡಬ್ಬಿಯಲ್ಲಿ ಕಾದೀತು. ನನ್ನ ಕೈ ಕಾಯಲಿಲ್ಲ.

ಅಲ್ಲಿನ ಮೂಲನಿವಾಸಿ ವಬನಾಕಿ ಜನರ ಆ ಅಜ್ಜ ಕೊಡಲಿಯ ಹಿಂಬದಿಯಿಂದ ದಿಮ್ಮಿ ಬಡಿದು ಒಂದೊಂದು ವರ್ಷದ ಪದರ ಎಬ್ಬಿಸುತ್ತಾರೆ ಅಂದೆ. ಎಷ್ಟು ಜೋರಾಗಿ ಬಡಿಯಬೇಕು ಅಂತ ಬರೆದಿಲ್ಲ. ಅದನ್ನು ಕೇಳಿಕೋ. ಫೋನಲ್ಲಿ ವಿಡಿಯೋ ಹಿಡಿಯುವುದಾದರೆ ಮುಖ ಬೇಡ, ಕೈ ಹಿಡಿ. ಪಟ್ಟಿ ಸಿಗದ ದಿನ ರಟ್ಟಿನಲ್ಲಾದರೂ ಹೆಣೆ. ಇದನ್ನೆಲ್ಲ ಹೇಳೋಕೆ ನನಗೇನು ಯೋಗ್ಯತೆ, ಗೊತ್ತಿಲ್ಲ.

ಆ ಪಟ್ಟಿ ಬಗ್ಗಿಸಿದಾಗ ಬಿದಿರಿನ ಹಾಗೆ ಚುರ್ ಅನ್ನುತ್ತದಾ? ಬರೆ.

ನಿನ್ನ ಮಾವ