ಸ್ಟೋಕ್ ರೋ ಬಾವಿಯಷ್ಟೇ ಅಲ್ಲ, ಆ ಹಳ್ಳಿಯೂ ಉಳಿಯಬೇಕು: ಯೋಜನಾ ಸಮಿತಿಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಸೌತ್ ಆಕ್ಸ್‌ಫರ್ಡ್‌ಶೈರ್ ಜಿಲ್ಲಾ ಕೌನ್ಸಿಲ್‌ನ ಯೋಜನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಾನು ಕರ್ನಾಟಕದಿಂದ ಬಂದು ಇಂಗ್ಲೆಂಡಿನ ಹೆನ್ಲಿ ಕಡೆ ನೆಲೆಸಿದವಳು. ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ ಆದರೂ ಕಾಮನ್‌ವೆಲ್ತ್ ಪ್ರಜೆಯಾದ್ದರಿಂದ ನಿಮ್ಮ ಕೌನ್ಸಿಲ್ ಚುನಾವಣೆಯಲ್ಲಿ ನನಗೂ ಮತವಿದೆ. ಆ ಹಕ್ಕಿನಿಂದಲೇ ನಿಮ್ಮ ಜಿಲ್ಲೆಯ ಸ್ಟೋಕ್ ರೋ ಹಳ್ಳಿಯ ಬಗ್ಗೆ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಇದನ್ನು ಕನ್ನಡದಲ್ಲಿ ಬರೆದದ್ದು ಈ ಸೀಮೆಯಲ್ಲಿರುವ ನಮ್ಮವರೂ ಓದಿ ದನಿಗೂಡಿಸಲಿ ಎಂದು.

ಆ ಹಳ್ಳಿಯ ಬೀದಿಯಲ್ಲಿ ಇಟ್ಟಿಗೆ ಮನೆಗಳ ನಡುವೆ ಒಂದು ಗುಮ್ಮಟ ಕಾಣುತ್ತದೆ. ಅದರ ಕೆಳಗೆ ನೀರು ಸೇದುವ ಕಬ್ಬಿಣದ ಗಾಲಿಗಳು, ಗಾಲಿಗಳ ಮೇಲೆ ಚಿನ್ನದ ಬಣ್ಣದ ಆನೆ. ಇಣುಕಿದರೆ ತಳ ಕಾಣದು. ಬಾವಿಯ ಆಳ 368 ಅಡಿ, ಅಗಲ ನಾಲ್ಕೇ ಅಡಿ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಎತ್ತರಕ್ಕಿಂತಲೂ ಇದು ಹೆಚ್ಚು. ಯಂತ್ರವಿಲ್ಲದೆ, ಇಷ್ಟು ಕಿರಿದಾದ ಜಾಗದಲ್ಲಿ ಕೈಯಿಂದಲೇ ತೋಡಿದವರ ಎದೆಗಾರಿಕೆಯನ್ನು ಊಹಿಸಿಕೊಳ್ಳಿ.

ಹಳ್ಳಿ ಇರುವ ಚಿಲ್ಟರ್ನ್ಸ್ ಗುಡ್ಡಗಳ ಒಡಲು ಸೀಮೆಸುಣ್ಣದಂಥ ಬಿಳಿ ಕಲ್ಲು. ಬಿದ್ದ ಮಳೆ ಆಳಕ್ಕೆ ಇಳಿದುಹೋಗುತ್ತದೆ, ಮೇಲೆ ಹಳ್ಳವಿಲ್ಲ ತೊರೆಯಿಲ್ಲ. ಹಿಂದೆ ಗುಂಡಿಗಳಲ್ಲಿ ನಿಂತ ಕೊಳಕು ನೀರೇ ಜನಕ್ಕೆ ಗತಿಯಾಗಿತ್ತು. ಹತ್ತಿರದ ಇಪ್ಸ್‌ಡೆನ್‌ನ ಎಡ್ವರ್ಡ್ ಆಂಡರ್ಡನ್ ರೀಡ್ ಭಾರತದಲ್ಲಿ ಅಧಿಕಾರಿಯಾಗಿದ್ದಾಗ, ಮನೆಯಲ್ಲಿದ್ದ ಕೊನೆಯ ನೀರು ಕುಡಿದದ್ದಕ್ಕೆ ತನ್ನೂರಿನ ಕಡೆ ಹುಡುಗನೊಬ್ಬ ಏಟು ತಿಂದದ್ದನ್ನು ಕಾಶಿಯ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ ಸಿಂಗರಿಗೆ ಹೇಳಿದ್ದರಂತೆ. ಮಹಾರಾಜರು ಅದನ್ನು ಮರೆಯಲಿಲ್ಲ. 1863ರಲ್ಲಿ ಅವರ ಹಣದಿಂದ ಕೆಲಸ ಶುರುವಾಗಿ ಮರುವರ್ಷ ಬಾವಿ ಜನರಿಗೆ ತೆರೆಯಿತು. ನೀರು ಎಲ್ಲರಿಗೂ ಪುಕ್ಕಟೆಯಾಗಿತ್ತು. ಆಗ 1857 ಕಳೆದು ಏಳೇ ವರ್ಷ. ಆಳುವವರಿಗೂ ಆಳಿಸಿಕೊಂಡವರಿಗೂ ನಡುವೆ ಹರಿದ ರಕ್ತ ಇನ್ನೂ ಆರಿರಲಿಲ್ಲ, ಅದನ್ನು ಮುಚ್ಚಿಟ್ಟು ಈ ಕತೆ ಹೇಳಬಾರದು. ಆದರೂ ಬಾಯಾರಿದ್ದು ಸಾಮ್ರಾಜ್ಯವಲ್ಲ, ಬಡವರ ಮನೆಯ ಮಕ್ಕಳು.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಪಕ್ಕದ ಚೆರ್ರಿ ತೋಟ. ಹಣ್ಣು ಮಾರಿದ ದುಡ್ಡು ಬಾವಿಯ ಖರ್ಚಿಗೆ ಆಗಲೆಂದು ಅದನ್ನು ಬೆಳೆಸಿದರು. ಬಾವಿ ನೋಡಿಕೊಳ್ಳುವವನಿಗೆ ಎಂಟು ಮೂಲೆಯ ಪುಟ್ಟ ಮನೆಯನ್ನೂ ಕಟ್ಟಿದರು. ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರು ಅದರ ಉಸ್ತುವಾರಿಗೆ ಬಿತ್ತುವಟ್ಟವೆಂದು ದತ್ತಿ ಬಿಡುತ್ತಿದ್ದರು. ಊರೂರಿನ ಶಾಸನಗಳಲ್ಲಿ ಅದು ದಾಖಲಾಗಿದೆ. ಇಲ್ಲಿಯ ತೋಟವೂ ಅಂಥದೇ ವ್ಯವಸ್ಥೆ. ತೋಟ ಹೋದರೆ ಬಾವಿ ಬರೀ ಅಲಂಕಾರದ ಮಂಟಪವಾಗುತ್ತದೆ.

ಬಾವಿ ರಕ್ಷಿತ ಕಟ್ಟಡಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅದರ ಕಟ್ಟಡಕ್ಕೆ ಕಾನೂನಿನ ಕಾವಲಿದೆ. ಅದೇ ಕಾವಲು ತೋಟದ ಒಂದೊಂದು ಮರಕ್ಕೆ, ರಸ್ತೆ ಬದಿಯ ಜೀವಂತ ಬೇಲಿಗೆ, ಇಟ್ಟಿಗೆ ಮತ್ತು ಚಕಮಕಿ ಕಲ್ಲು ಬೆರೆಸಿ ಕಟ್ಟಿದ ಹಳೆಯ ಗೋಡೆಗೆ ಸಿಗುವುದಿಲ್ಲ. ಸುತ್ತಲಿನ ಬೀಚ್ ಕಾಡುಗಳಲ್ಲಿ ಕುರ್ಚಿಯ ಕಾಲು ಕಡೆದು ಕುರ್ಚಿ ತಯಾರಿಕೆಯ ಪಟ್ಟಣವಾದ ಹೈ ವಿಕಂಬ್‌ಗೆ ಕಳಿಸುತ್ತಿದ್ದವರ ಕಸುಬಿನ ಗುರುತುಗಳಂತೂ ಯಾವ ಪಟ್ಟಿಗೂ ಸುಲಭವಾಗಿ ಸಿಗುವಂಥವಲ್ಲ. 1965ರಿಂದ ಚಿಲ್ಟರ್ನ್ಸ್ ರಕ್ಷಿತ ಭೂದೃಶ್ಯವೆಂದು ಘೋಷಿತವಾಗಿದೆ, ನಿಜ. ಆದರೆ ಹಳ್ಳಿ ಕೆಡುವುದು ಒಂದೇ ಏಟಿಗಲ್ಲ. ಇಲ್ಲೊಂದು ಬೇಲಿ ಕಿತ್ತು ಕಾರು ನಿಲ್ಲಿಸಲು ಜಾಗ, ಅಲ್ಲೊಂದು ಗೋಡೆ ಒಡೆದು ಗೇಟು. ಒಂದೊಂದು ಅರ್ಜಿಯೂ ಬಿಡಿಯಾಗಿ ನೋಡಿದರೆ ಸಣ್ಣದೇ.

ಮನೆ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಊರಲ್ಲೇ ಹುಟ್ಟಿದ ಹುಡುಗರು ಬಾಡಿಗೆಗೂ ಮನೆ ಸಿಗದೆ ಹೊರಟುಹೋದರೆ ಶಾಲೆ ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ. ಹಳೆಯ ಗೋಡೆಗಳನ್ನು ಯಾರಿಗಾಗಿ ಕಾಯುವುದು? ಅವರ ಕೈಗೆಟಕುವ ಮನೆಗಳು ಕೆಲವಾದರೂ ಬರಲಿ, ಅಲ್ಲಿಯದೇ ಇಟ್ಟಿಗೆ, ಕಲ್ಲಿನ ವರಸೆಯಲ್ಲಿ ಬರಲಿ.

ಇದು ಈಗಲೇ ಏಕೆ ಎನ್ನುತ್ತೀರಾ? ಜಿಲ್ಲಾ ಕೌನ್ಸಿಲ್‌ಗಳನ್ನು ಬೇರೆ ಕೌನ್ಸಿಲ್‌ಗಳ ಜೊತೆ ಸೇರಿಸಿ ದೊಡ್ಡ ಆಡಳಿತ ಘಟಕಗಳನ್ನು ಮಾಡುವ ಯೋಜನೆಯನ್ನು ಸರ್ಕಾರ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಾಳೆ ನಿಮ್ಮ ಕಡತಗಳು ಇನ್ನೊಂದು ಕಚೇರಿಗೆ ಹೋದಾಗ, ಅಲ್ಲಿ ಕೂತವರಿಗೆ ಈ ತೋಟ ನಕ್ಷೆಯ ಮೇಲೆ ಖಾಲಿ ಹಸಿರು ಜಾಗವಾಗಿ ಮಾತ್ರ ಕಂಡೀತು. ಅದಕ್ಕೆ ಮುಂಚೆ ತೋಟ, ಬೇಲಿ, ಗೋಡೆ, ಕಾಲುದಾರಿ ಎಲ್ಲವನ್ನೂ ಸ್ಥಳೀಯ ಪರಂಪರೆಯ ಪಟ್ಟಿಗೆ ಸೇರಿಸಿ. ಯಾವುದಕ್ಕೆ ಯಾಕೆ ಬೆಲೆ ಎಂಬುದನ್ನು ಊರಿನ ಹಿರಿಯರನ್ನೇ ಕೇಳಿ ಬರೆಸಿ. ಆ ದಾಖಲೆ ಹೊಸ ಕೌನ್ಸಿಲ್‌ಗೆ ಯೋಜನಾ ಕಡತಗಳ ಜೊತೆಯಲ್ಲೇ ಹೋಗಬೇಕು.

ಇದಕ್ಕಾಗಿ ನಿಮ್ಮ ಸಮಿತಿ ಒಂದು ದಿನ ಸ್ಟೋಕ್ ರೋಗೆ ಬಂದು, ಬಾವಿಯಿಂದ ಕಾಡಂಚಿನವರೆಗೆ ನಡೆದು, ಹಳ್ಳಿಯ ಸಭಾಂಗಣದಲ್ಲೇ ಊರವರ ಅಹವಾಲು ಕೇಳಬೇಕೆಂದು ವಿನಂತಿ. ದಿನಾಂಕ ಮೊದಲೇ ತಿಳಿಸಿದರೆ ನಾವೂ ಬಂದು ಕೂರುತ್ತೇವೆ.

ಇತಿ,
ನಿಮ್ಮ ಜಿಲ್ಲೆಯ ಕನ್ನಡತಿ ಮತದಾರಳು