ನೆಲದ ಮೇಲಿನ ಚೌಕ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಗ್ರೀಕ್ ನಾಗರಿಕತೆಯ ಪಾಠ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಾಕ್ರೆಟಿಸನ ಶಿಷ್ಯ ಪ್ಲೇಟೊ, ಪ್ಲೇಟೊನ ಶಿಷ್ಯ ಅರಿಸ್ಟಾಟಲ್ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ, ಅಂಕವೂ ಸಿಗುತ್ತದೆ. ಆ ಮೂವರು ಮಾಡಿದ್ದಾದರೂ ಏನು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೋದ ವರ್ಷ ಪುಸ್ತಕ ಮುಚ್ಚಿಟ್ಟು, ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ 2 ಅಡಿ ಬಾಹುವಿನ ಚೌಕ ಬರೆದೆ. ವಿಸ್ತೀರ್ಣ 4 ಚದರ ಅಡಿ. ಇದರ ಎರಡರಷ್ಟು ವಿಸ್ತೀರ್ಣದ ಚೌಕ ಬರೆಯಿರಿ ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಟ್ಟನೆ ಬಾಹುವನ್ನು 4 ಅಡಿಗೆ ಎಳೆದಳು. ಲೆಕ್ಕ ಹಾಕಿದರೆ 16. ಇನ್ನೊಬ್ಬ 3 ಅಡಿ ಎಂದ; 9 ಆಯಿತು. ಬೇಕಿದ್ದದ್ದು 8. ಯಾರೂ ಮಾತಾಡಲಿಲ್ಲ.

ಪ್ಲೇಟೊನ ‘ಮೆನೊ’ ಸಂವಾದದಲ್ಲಿ ಸಾಕ್ರೆಟಿಸ್ ಇದೇ ಲೆಕ್ಕವನ್ನು, ತನ್ನೊಡನೆ ಚರ್ಚಿಸುತ್ತಿದ್ದ ಮೆನೊ ಎಂಬವನ ಗುಲಾಮ ಹುಡುಗನ ಮುಂದಿಡುತ್ತಾನೆ. ಅವನೂ ಇದೇ ಎರಡು ತಪ್ಪು ಮಾಡಿ, ಕೊನೆಗೆ ಗೊತ್ತಿಲ್ಲ ಎನ್ನುತ್ತಾನೆ. ಸಾಕ್ರೆಟಿಸ್ ಗದರುವುದಿಲ್ಲ. ಗೊತ್ತಿಲ್ಲವೆಂಬುದು ಗೊತ್ತಾಯಿತು, ಇನ್ನು ಇವನೇ ಹುಡುಕುತ್ತಾನೆ ಎಂದು ಮೆನೊಗೆ ಹೇಳಿ ಪ್ರಶ್ನೆ ಮುಂದುವರಿಸುತ್ತಾನೆ. ನಮ್ಮ ಮಕ್ಕಳೂ ಹುಡುಕಿದರು. 4 ಅಡಿಯ ಚೌಕದೊಳಗಿನ, 2 ಅಡಿ ಬಾಹುವಿನ ನಾಲ್ಕು ಪುಟ್ಟ ಚೌಕಗಳಿಗೂ ಕರ್ಣ ಎಳೆದಾಗ ನಡುವೆ ಓರೆಯಾಗಿ ಹೊಸ ಚೌಕವೊಂದು ಎದ್ದು ಕಂಡಿತು. ಪ್ರತಿ ಪುಟ್ಟ ಚೌಕದ ಅರ್ಧ ಅದರೊಳಗೆ, 16ರ ಅರ್ಧ 8. ಆ ಹುಡುಗಿ ಕೂಗಿಕೊಂಡಳು.

ನಮ್ಮಲ್ಲಿಲ್ಲದ್ದು ಗ್ರೀಕರಲ್ಲಿ ಏನಿದೆ ಎನ್ನುವವರಿದ್ದಾರೆ. ಕರ್ಣದ ಮೇಲಿನ ಚೌಕ ಎರಡರಷ್ಟಾಗುತ್ತದೆಂದು ಬೋಧಾಯನ ಶುಲ್ಬಸೂತ್ರವೆಂಬ ನಮ್ಮ ಪ್ರಾಚೀನ ಗ್ರಂಥವೂ ಹೇಳುತ್ತದೆ, ಹಗ್ಗ ಹಿಡಿದು ಯಜ್ಞವೇದಿ ಅಳೆಯುವವರಿಗಾಗಿ. ಎರಡನ್ನೂ ಒಂದೇ ದಿನ ಕಲಿಸಿದರೆ ಯಾರಿಗೆ ನಷ್ಟ?

ಗ್ರೀಕರನ್ನು ಪೂಜಿಸುವುದೂ ನನಗೆ ಬೇಡ. ಆ ಹುಡುಗನ ಹೆಸರನ್ನು ಪ್ಲೇಟೊ ಹೇಳುವುದೇ ಇಲ್ಲ. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ಅರಿಸ್ಟಾಟಲ್ ವಾದಿಸಿದ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು, “ಗುಲಾಮನೇ ಲೆಕ್ಕ ಬಿಡಿಸಿದನಲ್ಲ ಮಿಸ್, ಹಾಗಾದರೆ ಅರಿಸ್ಟಾಟಲ್ ಹೇಳಿದ್ದು ಹೇಗೆ ಸರಿ?” ಎಂದು ಕೇಳಿದ. ಹುಟ್ಟಿನ ಮಾತು ಆ ಮಕ್ಕಳಿಗೆ ಹೊಸದಲ್ಲ. ನಗರದ ದೇವರುಗಳನ್ನು ಒಪ್ಪುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ ಎಂದು ಕ್ರಿ.ಪೂ. 399ರಲ್ಲಿ ಅಥೆನ್ಸ್ ಸಾಕ್ರೆಟಿಸನಿಗೆ ವಿಷ ಕುಡಿಸಿದ್ದು ಏಕೆಂದು ಅವರಿಗೆ ಆ ದಿನ ನಾನು ವಿವರಿಸಬೇಕಾಗಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿ.ಎಸ್.ಇ.ಆರ್.ಟಿ.) ಶಿಕ್ಷಕರ ತರಬೇತಿಯಲ್ಲಿ ಅರ್ಧ ದಿನ ಈ ಬಗೆಯ ಸಂವಾದಕ್ಕೆ ಮೀಸಲಿಡಿ. ಗಣಿತದವರೂ ಸಮಾಜ ವಿಜ್ಞಾನದವರೂ ಜೊತೆಗೆ ಕೂರಲಿ. ಯಾರ ಶಿಷ್ಯ ಯಾರು ಎಂಬ ಪ್ರಶ್ನೆಯನ್ನು ಪರೀಕ್ಷೆಯಿಂದ ತೆಗೆದು, ಅರಿಸ್ಟಾಟಲನ ಆ ವಾದವನ್ನು ಕೊಟ್ಟು, ನೀನು ಒಪ್ಪುತ್ತೀಯಾ, ಏಕೆ ಎಂದು ಕೇಳಿ. ಉತ್ತರ ಹೌದಿರಲಿ, ಇಲ್ಲವಿರಲಿ, ಕೊಟ್ಟ ಕಾರಣಕ್ಕೆ ಅಂಕ ಕೊಡುವಂತೆ ಮೌಲ್ಯಮಾಪಕರಿಗೆ ಲಿಖಿತ ಸೂಚನೆ ಹೋಗಲಿ.

ಇಂತಿ,
ಪ್ರೌಢಶಾಲಾ ಶಿಕ್ಷಕಿ